ಮೂಲೆ ಹರಿದ ಕಾಗದ

ರಾಜಾಬೀ ಲಿಂಗಸುಗೂರಿನವಳು. ಹದಿನೇಳನೆಯ ವಯಸ್ಸಿಗೆ ಬಾಬುಸಾಬನ ಹೆಂಡತಿಯಾಗಿ ಮಸ್ಕಿಗೆ ಬಂದಳು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆಕೆ ಒಲೆಯ ಮುಂದೆ ಸೀನಿದರೆ ನಮ್ಮ ಅಡುಗೆಮನೆಯಲ್ಲಿ ಕೇಳುತ್ತಿತ್ತು. ಅತ್ತೆ ಆಕೆ ಬರುವುದಕ್ಕಿಂತ ಮೊದಲೇ ತೀರಿಹೋಗಿದ್ದರು. ಮನೆಯಲ್ಲಿ ಇದ್ದವರು ಗಂಡ, ಗಂಡನ ಅಣ್ಣ ಮಕ್ತುಮ್‌ಸಾಬರು, ಅವರ ಹೆಂಡತಿ ಖಾಸಿಂಬೀ.

ಅಣ್ಣ ತಮ್ಮ ಇಬ್ಬರೂ ದೊಡ್ಡ ಯುದ್ಧದಲ್ಲಿ ಇಂಗ್ಲಿಷರ ಪಲ್ಟನ್ನಿಗೆ ಲಾರಿ ಓಡಿಸಿ ಬಂದವರು. ಮಕ್ತುಮ್‌ಸಾಬರು ಆ ಮಾತೇ ಆಡುತ್ತಿರಲಿಲ್ಲ. ಬಾಬುಸಾಬ ಹಾಗಲ್ಲ, ಒಂದು ಕೇಳಿದರೆ ಹತ್ತು ಹೇಳುವವನು. ಮರಳುಗಾಡಿನಲ್ಲಿ ಕಾಲು ಮುರಿದು ಬಿದ್ದಿದ್ದ ಎಡ್ವಿನ್ ಎಂಬ ಸಿಪಾಯಿಯನ್ನು ಮೇಲಿನಿಂದ ಬಾಂಬು ಬೀಳುತ್ತಿದ್ದಾಗ ಲಾರಿಗೆ ಹಾಕಿಕೊಂಡು ಆಸ್ಪತ್ರೆ ಮುಟ್ಟಿಸಿದ್ದನಂತೆ. ಅಗಲುವಾಗ ಆ ಎಡ್ವಿನ್ ತನ್ನ ಖಾಕಿ ಅಂಗಿ ಬಿಚ್ಚಿ ಕೊಟ್ಟಿದ್ದ. ಹೆಗಲ ಮೇಲೆ ಪಟ್ಟಿ, ಎದೆಗೆ ಎರಡು ಜೇಬು, ಹಿತ್ತಾಳೆ ಗುಂಡಿ. ಶುಕ್ರವಾರ ಮತ್ತು ಪರಊರಿಗೆ ಹೊರಟಾಗ ಬಾಬುಸಾಬ ಅದನ್ನೇ ತೊಡುತ್ತಿದ್ದ. ರಾಜಾಬೀ ಅದನ್ನು ಹಳ್ಳಕ್ಕೆ ಒಯ್ದು ಒಗೆಯುವುದನ್ನು ನೋಡಿ ನಮ್ಮ ಅತ್ತೆ ಆದಮ್ಮ ನಗುತ್ತಿದ್ದರು.

"ನೋಡ್ ಬೇ ಕಲ್ಯಾಣಿ, ಗಂಡನ ಬೆನ್ನ ತಿಕ್ಕಿದಂಗ ತಿಕ್ಕತಾಳ ಆ ಅಂಗೀನ. ಗುಂಡಿಗೊಂದು ಮುತ್ತ ಕೊಡೂದು ಬಾಕಿ!"

"ಕೊಟ್ಟೀನ್ರಿ ಅಜ್ಜೀ, ನೀವು ಆ ಕಡಿ ನೋಡಿದಾಗ," ಅನ್ನುತ್ತಿದ್ದಳು ರಾಜಾಬೀ. ಅಂಥ ಹುಡುಗಿ ಆಗ.

ನಲವತ್ತೆಂಟರ ಮಾತು ಬಹಳ ಬರೆಯುವುದಿಲ್ಲ. ಖಾಕಿ ತೊಟ್ಟ ರಜಾಕಾರರು ಊರೂರು ತಿರುಗಿ ಮಾಡಿದ್ದನ್ನು ಕಂಡವರು ಮರೆಯಲಿಲ್ಲ. ನನ್ನ ತವರಿನವರೇ ಹೊಳೆ ದಾಟಿ ಹೋಗಿ ಆರು ತಿಂಗಳು ಪರರ ದನದ ಮನೆಯಲ್ಲಿದ್ದರು. ಭಾದ್ರಪದದಲ್ಲಿ ಹಿಂದೂಸ್ತಾನದ ದಂಡು ಬಂತು, ಐದು ದಿನಕ್ಕೆ ಎಲ್ಲ ಮುಗಿಯಿತು ಅಂದುಕೊಂಡೆವು. ಮುಗಿಯಲಿಲ್ಲ. ಮೊದಲು ಬಾಗಿಲು ಹಾಕಿಕೊಂಡು ಕೂತವರು ಹೊರಗೆ ಬಂದರು, ಹೊರಗಿದ್ದವರು ಬಾಗಿಲು ಹಾಕಿಕೊಂಡರು. ಯಾರು ಮಾಡಿದ್ದಕ್ಕೆ ಯಾರು ತೆತ್ತರೋ, ಯಾರೂ ಕೇಳುವ ಹಾಗಿರಲಿಲ್ಲ.

ರಾಜಾಬೀ ಆಗ ತಾಯಿಗೆ ಆರಾಮಿಲ್ಲವೆಂದು ಲಿಂಗಸುಗೂರಿಗೆ ಹೋಗಿದ್ದಳು. "ಶುಕ್ರವಾರ ಬರ್ತೀನಿ, ತಯಾರಾಗಿ ಕುಂದ್ರು" ಎಂದು ಬಾಬುಸಾಬ ಯಾರದೋ ಕೈಯಲ್ಲಿ ಹೇಳಿ ಕಳಿಸಿದ. ಶುಕ್ರವಾರ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಅವನು ಖಾಕಿ ತೊಟ್ಟು ಹೊರಬಿದ್ದ.

"ಲೇ ಬಾಬು, ದಿನಮಾನ ಹೆಂಗೈತಿ, ಆ ಅಂಗಿ ಯಾಕೋ? ತೆಗದಿಡು," ಅಂದೆ.

"ಇದು ರಜಾಕಾರರ ಅಂಗಿ ಅಲ್ಲಕ್ಕ, ಸಿಪಾಯಿ ಅಂಗಿ. ಗುಂಡಿ ನೋಡು ಬೇಕಾರ. ದಾರ‍್ಯಾಗ ಬರಾಕತ್ರ ಆಕಿ ನನ್ನ ಮೋತಿಗಿಂತ ಮೊದಲ ಇದನ್ನ ಗುರ್ತ ಹಿಡೀತಾಳ," ಅಂದು ನಕ್ಕು ಹೋದ.

ಲಿಂಗಸುಗೂರಿಗೆ ಅವನು ಮುಟ್ಟಲಿಲ್ಲ.

ದೀಪಾವಳಿ ಕಳೆದ ಮೇಲೆ ರಾಜಾಬೀಯನ್ನು ಆಕೆಯ ಅಣ್ಣ ಕರೆತಂದು ಬಿಟ್ಟ. ಆಗ ಎಷ್ಟೋ ಮನೆಗಳಲ್ಲಿ ಗಂಡಸರು ಇರಲಿಲ್ಲ. ಕೆಲವರು ಜೇಲಿನಲ್ಲಿದ್ದರು, ಕೆಲವರು ಹೈದರಾಬಾದಿನ ಗಲ್ಲಿಗಳಲ್ಲಿ ಅಡಗಿದ್ದರು, ಕೆಲವರು ಕರಾಚಿಯ ಹಡಗು ಹತ್ತಿದ್ದರು. ಕೇಳಿದವರಿಗೆಲ್ಲ ಆ ಮನೆಯವರು ಹೇಳುತ್ತಿದ್ದದ್ದು ಒಂದೇ ಮಾತು: "ಬಾಬು ಊರಾಗಿಲ್ಲ." ರಾಜಾಬೀ ಕೂಡ ಅದನ್ನೇ ಹೇಳುತ್ತಿದ್ದಳು. ಕೈಗೆ ಬಳೆ, ಕೊರಳಿಗೆ ಕರಿಮಣಿ, ಶುಕ್ರವಾರ ಮುಡಿಗೆ ಮಲ್ಲಿಗೆ. ಗಂಡ ಪರಊರಿನಲ್ಲಿರುವ ಹೆಂಗಸು ಹೇಗಿರಬೇಕೋ ಹಾಗೆ ಇದ್ದಳು.

ಮರುವರ್ಷ ಬೇಸಿಗೆಯಲ್ಲಿ ಮಕ್ತುಮ್‌ಸಾಬರು ನಮ್ಮ ಕಟ್ಟೆಗೆ ಬಂದು ಕೂತರು. ಸಿಂಧನೂರಿನ ಒಬ್ಬ ಮಾಸ್ತರರ ಕೈಯಲ್ಲಿ ಎಡ್ವಿನ್‌ಗೆ ಇಂಗ್ಲಿಷಿನಲ್ಲಿ ಕಾಗದ ಬರೆಸಿ ತಂದಿದ್ದರು. ಏನು ಬರೆಸಿದಿರಿ ಅಂದೆ. "ಎಲ್ಲಾರೂ ಆರಾಮ ಅದೀವಿ, ಬಾಬು ಈಗ ಊರಾಗಿಲ್ಲ, ಅಂತ," ಅಂದರು. ಆಮೇಲೆ ಕಾಗದದ ಮೇಲಿನ ಮೂಲೆಯನ್ನು ಬೆರಳಿನಿಂದ ಹರಿದು ತೆಗೆದರು.

ನಮ್ಮ ಕಡೆ ಹಿಂದೂ ಮುಸಲ್ಮಾನ ಎನ್ನದೆ ಎಲ್ಲರಿಗೂ ಗೊತ್ತಿರುವ ಮಾತು. ಮದುವೆಯ ಕಾಗದಕ್ಕೆ ಅರಿಶಿನ, ಸಾವಿನ ಕಾಗದಕ್ಕೆ ಹರಿದ ಮೂಲೆ. ಮೂಲೆ ಹರಿದದ್ದು ಬಂದರೆ ಹೊಸ್ತಿಲೊಳಗೆ ಒಯ್ಯುವುದಿಲ್ಲ. ಹೊರಗೇ ನಿಂತು ಓದಿಸಿ, ಹರಿದು ಎಸೆದು, ಕೈಕಾಲು ತೊಳೆದು ಒಳಗೆ ಹೋಗುತ್ತಾರೆ. ಒಳಗೆ ಏನು ಬರೆದಿದ್ದರೂ ಮೂಲೆ ಹೇಳಿದ್ದೇ ಸುದ್ದಿ.

ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ಕಾಗದ ಮಡಚಿ ಲಕೋಟೆಗೆ ಹಾಕಿ, ಹರಿದ ಚೂರನ್ನು ಬಾಯಿಗೆ ಹಾಕಿ ಅಗಿದು ನುಂಗಿದರು.

"ಆಕಿಗೆ ಹೇಳಂಗಿಲ್ಲೇನಣ್ಣ?" ಅಂದೆ.

"ಹೇಳಿದ್ರ ಎಲ್ಲಿ ಅಂತಾಳ ಕಲ್ಯಾಣಮ್ಮ. ಎಲ್ಲಿ ಅಂದ್ರ, ಯಾರು ಅಂತಾಳ. ನನಗ ಹೇಳಿದಾವ ಖುರಾನಿನ ಮ್ಯಾಲ ಕೈ ಇಡಿಸಿ ಆಣಿ ತಗೊಂಡಾನ. ನಾವು ಇದೇ ದಾರ‍್ಯಾಗ ತಿರಗ್ಬೇಕು, ಇದೇ ಸಂತ್ಯಾಗ ನಿಂದರಬೇಕು," ಅಂದರು. ನಾನೂ ಅದಕ್ಕೆ ಹೂಂ ಅಂದೆ. ಹೀಗೆ ಮಸ್ಕಿಯಲ್ಲಿ ಇಬ್ಬರಿಗೆ ಗೊತ್ತಿತ್ತು, ವಿಲಾಯತಿಯಲ್ಲಿ ಒಬ್ಬನಿಗೆ ಗೊತ್ತಾಯಿತು ಅಂತ ತಿಳಿದುಕೊಂಡೆವು.

ಎಡ್ವಿನ್‌ನ ಉತ್ತರ ಬಂತು. ಆಮೇಲೆ ವರ್ಷಕ್ಕೆ ಎರಡು ಕಾಗದ. ಪ್ರತಿಯೊಂದರಲ್ಲೂ ಕೊನೆಗೆ, ಬಾಬುವಿಗೆ ನನ್ನ ಸಲಾಮು. ಮಕ್ತುಮ್‌ಸಾಬರು ನನಗೆ ಮೆಲ್ಲಗೆ ಅಂದರು, "ಅವರ ಕಡೆ ಸತ್ತವರಿಗೂ ಸಲಾಮು ಬರಿಯೂ ಪದ್ಧತಿ ಐತಿ ಕಾಣಸ್ತೈತಿ." ರಾಜಾಬೀ ಬೇರೆ ಅರ್ಥ ಮಾಡಿಕೊಂಡಿದ್ದಳು.

"ಅವರಿಗೆ ಗೊತ್ತೈತಿ ಕಲ್ಯಾಣಕ್ಕ, ಎಲ್ಲಿ ಅದಾನಂತ. ವಿಲಾಯತಿಗೇ ಹೋಗ್ಯಾನೋ ಏನೋ. ಇಲ್ಲಾಂದ್ರ ಸಲಾಮು ಯಾಕ ಕಳಸ್ತಾರ?"

ನಾನು ಅಕ್ಕಿ ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ.

ಐವತ್ತನಾಲ್ಕರಲ್ಲಿ, ಬಿಳಿಜೋಳ ತೆನೆ ಹಿಡಿದಿದ್ದ ಕಾಲದಲ್ಲಿ, ಎಡ್ವಿನ್ ಬಂದೇಬಿಟ್ಟ. ಸಂಗಡ ಅವನ ಹೆಂಡತಿ ಗ್ರೇಸ್. ಮಕ್ತುಮ್‌ಸಾಬರು ಆಗ ಸಿಂಧನೂರಿನ ಕಡೆ ಕಾಲುವೆ ಕೆಲಸದ ಗುತ್ತೇದಾರನ ಲಾರಿ ಓಡಿಸುತ್ತಿದ್ದರು. ಅವನ ಜೀಪು ಎರಡು ದಿನಕ್ಕೆ ಕೇಳಿ ತಂದರು. ಗೆಳೆಯನಿಗೆ ತಮ್ಮ ಸೀಮೆ ತೋರಿಸಬೇಕೆಂದು ಅವರಿಗೆ ನಿಜವಾಗಿ ಆಸೆಯಿತ್ತು. ಮೊದಲ ದಿನ ಸಿಂಧನೂರು, ಕಾಲುವೆ. ಎರಡನೆಯ ದಿನ ಮಸ್ಕಿಯ ಬಂಡೆ, ಲಿಂಗಸುಗೂರು, ಮುದಗಲ್ಲಿನ ಕೋಟೆ.

ಜೀಪಿನಿಂದ ಇಳಿದವನೇ ಎಡ್ವಿನ್ ಕುಂಟುತ್ತ ಬಂದು, ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದ ರಾಜಾಬೀಯ ಮುಂದೆ ಟೋಪಿ ತೆಗೆದ. ಪಲ್ಟನ್ನಿನಲ್ಲಿ ಕಲಿತ ಹರಕು ಹಿಂದೂಸ್ತಾನಿಯಲ್ಲಿ, "ಹಮ್ ಬಾಬು ಕೋ ಮಿಲನೇ ಆಯಾ," ಅಂದ. ಬಾಬುವನ್ನು ಕಾಣಲು ಬಂದಿದ್ದೇನೆ ಅಂತ.

ಆಕೆಯ ಮುಖ ನಾನು ಆವತ್ತು ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಮಕ್ತುಮ್‌ಸಾಬರು ಎಡ್ವಿನ್‌ನ ಕೈಹಿಡಿದು ಒಳಗೆ ಎಳೆದುಕೊಂಡು ಹೋದರು. ಸಮಾಧಿ ನೋಡಲು ಬಂದಿರಬೇಕು, ಮಾತು ಬಾರದೆ ಹೀಗೆ ಅಂದ ಅಂತ ತಿಳಿದು, ಆಮೇಲೆ ಆಮೇಲೆ ಅಂದು ಮಾತು ಮುಚ್ಚಿದರಂತೆ. ಜೀಪು ಬಾಬು ಇರುವಲ್ಲಿಗೇ ಹೋಗುತ್ತದೆ ಅಂದುಕೊಂಡ ರಾಜಾಬೀ ಗೋಡೆಯ ಮೇಲಿಂದ ನನ್ನನ್ನು ಕೂಗಿದಳು, "ಅಕ್ಕಾ! ನಾನೂ ಹೊಂಟೀನಿ ಜೀಪಿನ್ಯಾಗ. ದೊರಿಸಾನಿ ಸಂಗಾಟ ಹೆಣಮಕ್ಕಳು ಬೇಕಲ್ಲ. ನೀನೂ ಬಾ, ಮಕ್ತುಮ್ ಭಾಯಿ ಆಗ ಇಲ್ಲ ಅನ್ನಂಗಿಲ್ಲ."

ನನ್ನ ಯಜಮಾನರು ಹೋಗಿ ಬಾ ಅಂದರು. ನಾನು ಹೋದೆ.

ಸಿಂಧನೂರಿನಲ್ಲಿ ಸಾವಿರ ಜನ ಮಣ್ಣು ಹೊರುತ್ತಿದ್ದ ಕಾಲುವೆಯನ್ನು ಎಡ್ವಿನ್ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದ. ಬಜಾರದಲ್ಲಿ ಶಾವಲಿಯ ಅಂಗಡಿಯ ಮೆಣಸಿನಕಾಯಿ ಬಜಿ ಕಚ್ಚಿ ಗ್ರೇಸ್‌ಗೆ ಕಣ್ಣು ಮೂಗು ಒಂದಾಯಿತು. "ಇಷ್ಟಕ್ಕ ಅಳಾಕತ್ರ ಹೆಂಗ್ರೀ ಅಮ್ಮಾರ? ಇನ್ನೂರು ವರ್ಷ ಹೆಂಗ ರಾಜ್ಯ ಆಳಿದ್ರಿ?" ಅಂದ ಶಾವಲಿ. ನೆರೆದವರೆಲ್ಲ ನಕ್ಕರು, ಅರ್ಥವಾಗದೆ ಗ್ರೇಸ್ ಕೂಡ ನಕ್ಕಳು. ಆ ಗದ್ದಲದಲ್ಲಿ ರಾಜಾಬೀ ನನ್ನ ಕೈ ಜಗ್ಗಿಕೊಂಡು ಬಳೆ ಅಂಗಡಿಗೆ ಹೋದಳು.

"ಎಷ್ಟು ತೊಡಸ್ಲಿ?" ಅಂದಳು ಬಳೆಗಾರ್ತಿ.

"ಕೈ ತುಂಬ ತೊಡಸು. ಎರಡೂ ಕೈ. ಹಸರು."

ನಾನು ಪಕ್ಕದಲ್ಲೇ ನಿಂತಿದ್ದೆ. ಆಗ ಹೇಳಬಹುದಿತ್ತು.

ಎರಡನೆಯ ದಿನ ಬೆಳಿಗ್ಗೆ ಮಸ್ಕಿಯ ಗುಡ್ಡಕ್ಕೆ ಹೋದೆವು. ಅಶೋಕ ರಾಜನ ಬರಹವಿರುವ ಬಂಡೆಯ ಮೇಲೆ ಗ್ರೇಸ್ ಬೆರಳಾಡಿಸಿದಳು. ಏನು ಬರೆದಿದೆ ಅಂತ ಎಡ್ವಿನ್ ಕೇಳಿದ್ದಕ್ಕೆ ಮಕ್ತುಮ್‌ಸಾಬರು, "ನಮಗೇನ್ ಗೊತ್ತು ಸಾಬ್? ಸಣ್ಣವರಿದ್ದಾಗ ಇದರ ಮ್ಯಾಲ ಜಾರತಿದ್ವಿ," ಅಂದರು. ನೆರಳಿಗೆ ಕೂತು ರೊಟ್ಟಿಯ ಗಂಟು ಬಿಚ್ಚಿದೆವು. ಆಗ ಗ್ರೇಸ್ ತನ್ನ ಚೀಲದಿಂದ ಕಾಗದದ ಕಟ್ಟೊಂದನ್ನು ತೆಗೆದು ರಾಜಾಬೀಯ ತೊಡೆಯ ಮೇಲಿಟ್ಟಳು. ನಿಮ್ಮ ಮನೆಯಿಂದ ಬಂದವು, ಒಂದನ್ನೂ ಕಳೆದಿಲ್ಲ ಅಂತ ಗಂಡನ ಬಾಯಲ್ಲಿ ಹೇಳಿಸಿದಳು.

ರಾಜಾಬೀಗೆ ಓದಲು ಬರುತ್ತಿರಲಿಲ್ಲ. ಆದರೂ ಒಂದೊಂದನ್ನೇ ಎತ್ತಿ ಕಣ್ಣಿಗೊತ್ತಿಕೊಂಡು ಕೆಳಗಿಡುತ್ತಿದ್ದಳು. ಒಂದು ಕಾಗದ ಬಂದಾಗ ಅವಳ ಕೈ ನಿಂತಿತು. ಅದರ ಮೇಲಿನ ಮೂಲೆಗೆ ಬೇರೆ ಬಿಳಿಯ ಕಾಗದದ ತುಂಡನ್ನು ಅಂಟಿಸಿದ್ದರು, ನೀಟಾಗಿ, ಕತ್ತರಿಯಿಂದ ಅಳತೆ ಮಾಡಿ ಕತ್ತರಿಸಿ.

"ಟಪಾಲಿನಲ್ಲಿ ಹರಿದಿತ್ತು. ಮೇಮ್‌ಸಾಬ್ ಹಚ್ಚಿದ್ದಾಳೆ," ಅಂದ ಎಡ್ವಿನ್, ಹೆಂಡತಿಯ ಕಡೆ ಹೆಮ್ಮೆಯಿಂದ ನೋಡುತ್ತ.

ಮಕ್ತುಮ್‌ಸಾಬರ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಐದು ವರ್ಷದ ಸಲಾಮುಗಳೆಲ್ಲ ಏನೆಂದು ಅವರಿಗೆ ಆ ಕ್ಷಣ ತಿಳಿಯಿತು. ನನಗೂ.

"ಯಾವ ಕಾಗದ ಇದು ಭಾಯಿ?" ಅಂದಳು ರಾಜಾಬೀ.

"ಹಳೇದು. ಇಡು ಅತ್ಲಾಗ."

"ಮೂಲಿ ಹರದೈತಿ."

"ಟಪಾಲಿನ್ಯಾಗ ಹರದೈತಂತ ಹೇಳಿದ್ನಲ್ಲ ಸಾಬ."

"ಟಪಾಲಿನ್ಯಾಗ ಹರದ್ರ ಹಿಂಗ ಹರಿಯಂಗಿಲ್ಲ. ನಮ್ಮನಿಂದ ಹೋಗಿದ್ದು ಇದು. ನಮ್ಮನ್ಯಾಗ ಯಾರು ಸತ್ತಿದ್ರು?"

"ಅವ್ವ..." ಅಂದರು ಮಕ್ತುಮ್‌ಸಾಬರು.

"ಅತ್ತಿ ಸತ್ತದ್ದು ನಾ ಬರೂಕಿಂತ ಮೊದಲ."

ಗ್ರೇಸ್ ನಮ್ಮ ಮುಖಗಳನ್ನು ನೋಡಿ, ತಾನು ಏನೋ ತಪ್ಪು ಮಾಡಿದೆ ಅನ್ನುವಂತೆ ಕಾಗದಗಳನ್ನು ಜೋಡಿಸತೊಡಗಿದಳು. ಇಂಗ್ಲಿಷ್ ಬಲ್ಲವರಿಬ್ಬರು ಐದು ವರ್ಷ ಓದಿದರೂ ಓದಲಾಗದ ಕಾಗದವನ್ನು ಅಕ್ಷರ ಬಾರದ ಹುಡುಗಿ ಒಂದೇ ಸಲಕ್ಕೆ ಓದಿ ಮುಗಿಸಿದ್ದಳು.

ರಾಜಾಬೀ ಎದ್ದು ಸೆರಗು ಕೊಡವಿದಳು. "ಜೀಪ್ ತೆಗೀರಿ ಭಾಯಿ. ಎಲ್ಲಿ ಅದಾನೋ ಅಲ್ಲಿಗೆ ಕರಕೊಂಡು ಹೋಗ್ರಿ."

ಜೀಪು ಲಿಂಗಸುಗೂರಿನ ದಾರಿ ಹಿಡಿಯಿತು. ಎಡ್ವಿನ್ ಮುಂದೆ ಮಕ್ತುಮ್‌ಸಾಬರ ಪಕ್ಕದಲ್ಲಿ ಕೂತಿದ್ದ. ಅವನಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಬಾಬುವಿನ ಹತ್ತಿರ ಹೊರಟಿದ್ದೇವೆ ಅಂತ ಮಾತ್ರ ತಿಳಿದು ಖುಷಿಯಾಗಿದ್ದ. ಜೋಳದ ಹೊಲದಲ್ಲಿ ಕವಣೆ ಬೀಸುವವರಿಗೆ ಕೈ ಬೀಸಿದ, ಯಾವುದೋ ಹಾಡು ಶಿಳ್ಳೆ ಹಾಕಿದ. ಹಿಂದೆ ಕೂತ ನಾನು ರಾಜಾಬೀಯ ಕೈ ಹಿಡಿಯಲು ಹೋದೆ. ಆಕೆ ಕೈಯನ್ನು ತನ್ನ ತೊಡೆಯ ಮೇಲಕ್ಕೆ ಎಳೆದುಕೊಂಡಳು. ದಾರಿಯ ಕುಲುಕಾಟಕ್ಕೆ ಹೊಸ ಬಳೆಗಳು ಒಂದೇ ಸವನೆ ಸದ್ದು ಮಾಡುತ್ತಿದ್ದವು.

ಒಂದು ಊರು ದಾಟಿದ ಮೇಲೆ ಜೀಪು ನಿಂತಿತು. ಆ ಊರಿನ ಹೆಸರು ನಾನು ಬರೆಯುವುದಿಲ್ಲ. ದಾರಿಯಿಂದ ಎರಡು ಹೊಲದಾಚೆ ಒಂದು ಹಾಳು ಬಾವಿ. ಬಾವಿ ಅನ್ನುವ ಹಾಗೂ ಇಲ್ಲ, ಬಾಯಿಯ ಮಟ್ಟಕ್ಕೆ ಕಲ್ಲು ತುಂಬಿ, ಮೇಲೆ ಜಾಲಿ ಬೆಳೆದಿತ್ತು. ಮಕ್ತುಮ್‌ಸಾಬರು ಅಲ್ಲಿಗೆ ಹೋಗಿ ಚಪ್ಪಲಿ ಬಿಟ್ಟು ನಿಂತರು.

ಎಡ್ವಿನ್ ಸುತ್ತ ನೋಡಿದ. ಮನೆಯಿಲ್ಲ, ಗುಡಿಸಲಿಲ್ಲ. "ಬಾಬು ಕಿಧರ್?" ಅಂದ.

"ಯಹೀಂ ಸಾಬ್," ಅಂದರು ಮಕ್ತುಮ್‌ಸಾಬರು. ಇಲ್ಲೇ. ಬಾಯಿಂದ ಆ ಒಂದು ಮಾತು ಬಿದ್ದ ಮೇಲೆ ಉಳಿದದ್ದನ್ನೂ ಹೇಳಿದರು, ತಗ್ಗಿದ ದನಿಯಲ್ಲಿ, ಕಲ್ಲನ್ನೇ ನೋಡುತ್ತ. ಆ ಶುಕ್ರವಾರ ಊರ ಹೊರಗೆ ಜನ ಗುಂಪು ಕಟ್ಟಿ ನಿಂತಿದ್ದದ್ದು. ಬಾಬು ಒಬ್ಬನೇ ನಡೆದು ಬಂದದ್ದು. ಅವನು ಹೆಸರು ಹೇಳಿದ್ದು, ಅಪ್ಪನ ಹೆಸರು ಹೇಳಿದ್ದು, ಹೆಂಡತಿಯನ್ನು ಕರೆಯಲು ಹೊರಟಿದ್ದೇನೆ ಅಂದದ್ದು, ಯಾರೂ ಕೇಳದೆ ಹೋದದ್ದು. ನಾಲ್ಕು ತಿಂಗಳ ಮೇಲೆ ಆ ಊರಿನ ಕುರಿ ಕಾಯುವವನೊಬ್ಬ ನಿದ್ದೆ ಬಾರದೆ ಬಂದು ಹೇಳಿ ಹೋದದ್ದು.

ಎಡ್ವಿನ್ ಅರ್ಧ ತಿಳಿದು ಅರ್ಧ ತಿಳಿಯದೆ ಕೇಳುತ್ತಿದ್ದ. ತಿಳಿದ ಮೇಲೆ ಕಲ್ಲಿನ ಮೇಲೆ ಕುಸಿದು ಕೂತ. "ಕ್ಯೂಂ? ಬಾಬು ಕ್ಯೂಂ?" ಅಂದ. ಯಾಕೆ, ಬಾಬುವನ್ನೇ ಯಾಕೆ?

ಮಕ್ತುಮ್‌ಸಾಬರು ನನ್ನ ಕಡೆ ನೋಡಿದರು. "ಗುರ್ತ ತಪ್ಪಿ ಸಾಬ್. ಬ್ಯಾರೆ ಯಾರೋ ಅಂತ ತಿಳದು," ಅಂದರು. ಅಂಗಿಯ ಮಾತು ಎತ್ತಲಿಲ್ಲ. ರಾಜಾಬೀ ಕೂಡ ಎತ್ತಲಿಲ್ಲ. ಎಡ್ವಿನ್‌ಗೆ ಅದು ಎಂದೂ ತಿಳಿಯಲಿಲ್ಲ.

ಅವನು ಎದ್ದು, ದೊಡ್ಡ ಅಧಿಕಾರಿಗಳಿಗೆ ಬರೆಯುತ್ತೇನೆ, ಕಲ್ಲು ತೆಗೆಸುತ್ತೇನೆ ಅಂದ. ಮಕ್ತುಮ್‌ಸಾಬರು ಕೈ ಮುಗಿದರು. "ನೀವು ನಾಳೆ ಹಡಗ ಹತ್ತೀರಿ ಸಾಬ್. ನಾವು ಇಲ್ಲೇ ಇರವ್ರು."

ರಾಜಾಬೀ ಇಷ್ಟು ಹೊತ್ತೂ ಅಳಲಿಲ್ಲ. ಬಾವಿಯ ಕಲ್ಲಿಗೆ ಬಲಗೈ ಬಡಿದಳು, ಎಡಗೈ ಬಡಿದಳು. ಹಸಿರು ಚೂರುಗಳು ಜಾಲಿಯ ಬುಡಕ್ಕೆ ಬಿದ್ದವು. ಮಣಿಕಟ್ಟಿನ ರಕ್ತವನ್ನು ಗ್ರೇಸ್ ತನ್ನ ಕರವಸ್ತ್ರದಿಂದ ಕಟ್ಟಲು ಬಂದರೆ ಬೇಡ ಅನ್ನಲಿಲ್ಲ, ಕೈ ಚಾಚಿ ನಿಂತಳು, ಬೇರೆಯವರ ಕೈ ಎಂಬಂತೆ.

ಮುದಗಲ್ಲಿನ ಕೋಟೆಯನ್ನು ಯಾರೂ ನೋಡಲಿಲ್ಲ. ಲಿಂಗಸುಗೂರಿನಲ್ಲಿ ಆ ಗಂಡಹೆಂಡಿರನ್ನು ರಾಯಚೂರಿನ ಬಸ್ಸಿಗೆ ಹತ್ತಿಸಿದ ಮೇಲೆ ರಾಜಾಬೀ, ಮೌಲ್ವಿಗಳ ಹತ್ತಿರ ಹೋಗೋಣ ಅಂದಳು. ಗಂಡ ಸತ್ತ ಹೆಂಗಸು ಇದ್ದತ್ ಕೂರಬೇಕು. ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ, ಸಿಂಗಾರ ಬಿಟ್ಟು. ಇವತ್ತಿನಿಂದ ಕೂರಲೋ ನಾಳೆಯಿಂದಲೋ ಅಂತ ಕೇಳಲು.

ಮೌಲ್ವಿಗಳು ಹಣ್ಣಾದ ಮುದುಕರು. ಯಾವಾಗ ತೀರಿದ ಅಂತ ಕೇಳಿ, ಬೆರಳು ಮಡಚಿ, ಬಹಳ ಮೆತ್ತಗೆ ಹೇಳಿದರು. "ಇದ್ದತ್ ಸಾವಿನ ದಿನದಿಂದ ಹಿಡೀತಾರ ತಾಯಿ, ಸುದ್ದಿ ಮುಟ್ಟಿದ ದಿನದಿಂದ ಅಲ್ಲ. ನಿಂದು ಐದು ವರ್ಷದ ಹಿಂದ ಮುಗದು ಹೋಗೈತಿ."

"ಮುಗೀತೇನ್ರೀ?" ಅಂದಳು ರಾಜಾಬೀ. "ಆಗ ನಾ ಹೂವು ಮುಡಕೊಂಡು ಕುಂತಿದ್ನಲ್ರೀ."

"ಅಲ್ಲಾಹ್ ಮಾಫ್ ಮಾಡ್ತಾನ. ನಿನಗ ಗೊತ್ತಿರಲಿಲ್ಲ."

ಆಕೆ ಮಸ್ಕಿಗೆ ಬಂದು, ಯಾರು ಏನೆಂದರೂ ಕೇಳದೆ, ಒಳಕೋಣೆಯಲ್ಲಿ ಕೂತಳು. ನಾಲ್ಕು ತಿಂಗಳು ಹತ್ತು ದಿನ. ಮಕ್ತುಮ್‌ಸಾಬರು ಕೆಲಸಕ್ಕೆ ಹೊರಡುವಾಗ ಆ ಬಾಗಿಲ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದರು.

ಮುಗಿದ ಮರುದಿನ ಆಕೆ ನಮ್ಮ ಮನೆಗೆ ಬಂದಳು. ಮಣೆ ಕೊಟ್ಟರೆ ಕೂರಲಿಲ್ಲ.

"ಆ ಕಾಗದದ ಮೂಲಿ ಹರಿಯೂ ಹೊತ್ತಿಗೆ ನೀ ಇದ್ದಿ ಅಲ್ಲಕ್ಕ?"

ಇದ್ದೆ ಅಂದೆ.

"ನಿನಗ ಗೊತ್ತಿತ್ತು."

"ಗೊತ್ತಿತ್ತವ್ವ."

"ಹಂಗಾರ ನನ್ನ ಇದ್ದತ್ ನೀವಿಬ್ಬರೂ ಕುಂತು ಮುಗಿಸಿದ್ರಿ," ಅಂದಳು. ಕೂಗಿ ಅನ್ನಲಿಲ್ಲ. ನಮ್ಮ ಅತ್ತೆಗೆ ಬಾಗಿ ಸಲಾಮು ಮಾಡಿ ಹೊರಟು ಹೋದಳು.

ಆ ತಿಂಗಳೇ ತವರಿಗೆ ಹೋಗಿ ಅಣ್ಣನ ಮನೆಯ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಹಾಕಿದಳು. ಐವತ್ತಾರರಲ್ಲಿ, ನಮ್ಮ ಸೀಮೆ ಕನ್ನಡ ರಾಜ್ಯಕ್ಕೆ ಸೇರಿದ ವರ್ಷ, ಯಾವುದೋ ಕೆಲಸಕ್ಕೆ ಲಿಂಗಸುಗೂರಿಗೆ ಹೋದಾಗ ಸಂತೆಯಲ್ಲಿ ಎದುರಾದಳು. ನಮ್ಮ ಅತ್ತೆಯ ಮೊಣಕಾಲು ಹೇಗಿದೆ ಅಂದಳು, ಖಾಸಿಂಬೀ ಹೇಗಿದ್ದಾಳೆ ಅಂದಳು, ನಮ್ಮ ಎಮ್ಮೆ ಈದಿತೇ ಅಂದಳು. ಮಕ್ತುಮ್‌ಸಾಬರನ್ನು ಕೇಳಲಿಲ್ಲ. ಮನೆಗೆ ಬಾ ಅಂತ ಕರೆಯಲಿಲ್ಲ. ಉಳ್ಳಾಗಡ್ಡಿ ಆರಿಸುತ್ತಿದ್ದವಳು ಆರಿಸಿ ಮುಗಿಸಿ, ಚೀಲ ಎತ್ತಿಕೊಂಡು, ಬರ್ತೀನಕ್ಕ ಅಂದು ಜನರ ನಡುವೆ ಹೊರಟು ಹೋದಳು.